ಸ್ನಾಯುಬಲ

ಡ್ರಿಲ್ಲಿನ ಗಂಟೆ ಬಾರಿಸಿದೊಡನೆ ತಲೆನೋವೆಂದು ಕುಳಿತುಬಿಡುವವರು ನಮ್ಮಲ್ಲಿ ಕೆಲವರುಂಟು. ಹೊಟ್ಟೆ ತುಂಬ ಉಂಡರೆ ಬಲವು ತಾನಾಗಿಯೇ ಬರುವುದೆಂದು ಅವರು ನಂಬಿರಬಹುದು. ಈ ನಂಬಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಿಸೋಣ.

ನಮ್ಮ ಎಲುಬುಗಳನ್ನು ಆಡಿಸುವ ಸ್ನಾಯುಗಳು 600ಕ್ಕೂ ಮಿಗಿಲಾಗಿರುವುವು. ಇವು ಒಮ್ಮೆ ಕಟ್ಟಿ ಮುಗಿಸಿದ ಗೋಡೆಗಳಲ್ಲ. ಹಗಲಿರುಳೂ ಸವೆಯುತ್ತಲೂ ಹೊಸದಾಗುತ್ತಲೂ ಇರುವುವು. ಸವೆದುದನ್ನು ತುಂಬಲು ಬೇಕಾದ ಸಾಮಗ್ರಿಯು ಆಹಾರದೊಳಗಿನ ಪ್ರೋಟೀನು. ಅದನ್ನು ಸ್ನಾಯುವಿನಲ್ಲಿ ಕಟ್ಟುವಂತೆ ಪ್ರೇರಿಸುವುದು ವ್ಯಾಯಾಮ. ಮೂವತ್ತನೆಯ ವಯಸ್ಸಿನ ಆಚೀಚೆಗೆ ಈ ಸಂಪತ್ತು ತುಂಬಿ ನಿಂತು, ಅನಂತರ ಮೆಲ್ಲಮೆಲ್ಲನೆ ಕರಗತೊಡಗುವುದು. ಇಳಿವಯಸ್ಸಿನ ಈ ನಷ್ಟಕ್ಕೆ 1989ರಲ್ಲಿ ಅರ್ವಿನ್ ರೋಸೆನ್‌ಬರ್ಗ್ ಎಂಬ ಅಮೇರಿಕದ ವೈದ್ಯರು ‘ಸಾರ್ಕೊಪೀನಿಯ’ ಎಂದು ಹೆಸರಿಟ್ಟರು. ಗ್ರೀಕ್ ಮೂಲದಿಂದ ಅರ್ಥಮಾಡಿದರೆ ‘ಮಾಂಸದ ಬಡತನ’ವೆಂದಾಗುವುದು. ಬಹು ಒಪ್ಪುವ ಹೆಸರೇ ಸರಿ.

ಮರಿಯಾ ಫಿಯಾಟರೋನ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ಬಾಸ್ಟನ್ ನಗರದ ವೃದ್ಧರ ಶುಶ್ರೂಷಾಲಯದಲ್ಲಿ ಮಾಡಿದ ಪರೀಕ್ಷೆಯೊಂದನ್ನು 1994ರಲ್ಲಿ ಪ್ರಕಟಿಸಿದರು. ಅದರಲ್ಲಿ ಸೇರಿದ 100 ಮಂದಿಯಲ್ಲಿ 63 ಮಂದಿ ಸ್ತ್ರೀಯರು. ಸರಾಸರಿ ವಯಸ್ಸು 87. ಕೆಲವರಿಗೆ ಕಾಲುಗಳಿಂದ ಭಾರವನ್ನೆತ್ತುವ ವ್ಯಾಯಾಮ, ಕೆಲವರಿಗೆ ಪುಷ್ಟಿಕರವಾದ ಪಾನೀಯ, ಕೆಲವರಿಗೆ ಎರಡೂ, ಉಳಿದವರಿಗೆ ಎರಡೂ ಇಲ್ಲ. ಹತ್ತು ವಾರಗಳ ಮೇಲೆ ನೋಡಲಾಗಿ, ವ್ಯಾಯಾಮ ಮಾಡಿದವರ ಸ್ನಾಯುಬಲವು ಇಮ್ಮಡಿಗಿಂತಲೂ ಹೆಚ್ಚಿತ್ತು. ಅವರ ನಡಿಗೆಯೂ ಚುರುಕಾಗಿತ್ತು. ಬರಿಯ ಪಾನೀಯವನ್ನು ಕುಡಿದು ಕುಳಿತವರಿಗೆ ಬಲವು ಬರಲಿಲ್ಲ. ಇನ್ನೊಂದು ವಿಶೇಷವೇನೆಂದರೆ, ಒಟ್ಟು ಆಹಾರವು ನಿಜವಾಗಿ ಹೆಚ್ಚಿದ್ದು ವ್ಯಾಯಾಮ, ಪಾನೀಯ ಎರಡೂ ಇದ್ದವರಲ್ಲಿ ಮಾತ್ರ. 87ರಲ್ಲಿಯೇ ಹೀಗಾದರೆ ಹದಿನೈದರ ನಮಗೆ ತಲೆನೋವಿನ ನೆಪವೇಕೆ?

ಆದರೆ ಅನ್ನವಿಲ್ಲದ ದುಡಿಮೆಯೂ ಬಲವನ್ನು ಕೊಡಲಾರದು. ಆಹಾರವು ಸಾಲದಾದಾಗ ಶರೀರವು ತನ್ನ ಸ್ನಾಯುಗಳನ್ನೇ ಕರಗಿಸಿ ಉಪಯೋಗಿಸಿಕೊಳ್ಳುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಸೂಚಿಸಿದಂತೆ, ಪ್ರಾಯದವರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ಅಕ್ಕಿಯ ಪ್ರೋಟೀನಿನಲ್ಲಿ ಲೈಸೀನೆಂಬ ಅಂಶವು ಕಡಿಮೆ. ಬೇಳೆಕಾಳುಗಳು ಆ ಕೊರತೆಯನ್ನು ತುಂಬುವುವು. ಮೊಟ್ಟೆ, ಹಾಲು, ಮೀನು ದೊರೆತರೆ ಇನ್ನೂ ಒಳ್ಳೆಯದು.

ಇಲ್ಲಿ ನಮ್ಮ ಮನೆಗಳ ವಿಷಯವನ್ನು ಹೇಳದಿರಲಾಗದು. ನೀರು ಹೊತ್ತು, ಒಗೆದು, ರುಬ್ಬಿ ದಣಿದ ತಾಯಿಯು ಎಲ್ಲರಿಗೂ ಬಡಿಸಿ ಕಡೆಗೆ ಕುಳಿತಾಗ, ಬೇಳೆಯೆಲ್ಲ ಮುಗಿದು ಪಾತ್ರೆಯಲ್ಲಿ ತಿಳಿಸಾರು ಮಾತ್ರ ಉಳಿದಿರುವುದು. ರಜೆಯಲ್ಲಿ ಸೌಟು ನಮ್ಮ ಕೈಗೆ ಬಂದ ದಿನ, ಅದನ್ನು ತಳದವರೆಗೆ ಇಳಿಸಿ ಆಕೆಯ ಪಾಲನ್ನು ಮೊದಲೇ ತೆಗೆದಿಡಬಹುದು.