ಫ್ರಿಜ್ಜಿನಲ್ಲಿಟ್ಟ ಚಟ್ನಿ

ಬಸುರಿಗೆ ಎಳ್ಳು ಬೇಡ ಅನ್ನುವುದನ್ನು ತಿಪಟೂರಿನ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಎಳ್ಳು ಉಷ್ಣ, ಪರಂಗಿಹಣ್ಣು ಉಷ್ಣ, ತಟ್ಟೆಗೆ ಬರಕೂಡದು, ಮುಗಿಯಿತು. ಸಿಡ್ನಿಯಲ್ಲಿ ಮೊದಲ ತಪಾಸಣೆಗೆ ಹೋದಾಗ ಮಿಡ್‌ವೈಫ್ ಕೈಗಿಟ್ಟ ಪಟ್ಟಿಯಲ್ಲೂ ಎಳ್ಳಿತ್ತು, ತಹಿನಿಯ ವೇಷದಲ್ಲಿ. ಹಮಸ್ ಆಗಲಿ, ತಹಿನಿ ಬೆರೆಸಿದ, ಅದ್ದಿಕೊಂಡು ತಿನ್ನುವ ಬೇರೆ ಯಾವ ಡಿಪ್ ಆಗಲಿ, ಅಂಗಡಿಯದಿರಲಿ ಮನೆಯದಿರಲಿ, ಗರ್ಭಿಣಿಯರು ತಿನ್ನಬೇಡಿ ಎನ್ನುವುದು ನ್ಯೂ ಸೌತ್ ವೇಲ್ಸ್ ರಾಜ್ಯದ ಆಹಾರ ಪ್ರಾಧಿಕಾರದ ಸಲಹೆ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಆಕೆಗೆ ಗೆದ್ದಷ್ಟು ಖುಷಿ. "ನೋಡ್ದಾ, ಬಿಳಿಯರಿಗೂ ಗೊತ್ತದೆ" ಅಂದಳು.

ಅವರಿಗೆ ಗೊತ್ತಿದ್ದದ್ದು ಬೇರೆ ವಿಷಯ. ಅದು ನನಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ಅರ್ಥವಾದ ಮೇಲೆ ನಮ್ಮ ಅಡುಗೆಮನೆಯಲ್ಲಿ ಬದಲಾದದ್ದು ಹಮಸ್ಸಿಗಿಂತ ಹೆಚ್ಚಾಗಿ ಕಾಯಿಚಟ್ನಿಯ ಕಥೆ.

ಹಮಸ್ ತಿನ್ನದವರಿಗಾಗಿ ಎರಡು ಮಾತು. ಕಾಬೂಲಿ ಕಡಲೆಯನ್ನು ಮೆತ್ತಗೆ ಬೇಯಿಸಿ, ಅರೆದ ಎಳ್ಳು (ಅದೇ ತಹಿನಿ), ನಿಂಬೆರಸ, ಬೆಳ್ಳುಳ್ಳಿ, ಉಪ್ಪು ಸೇರಿಸಿ ನುಣ್ಣಗೆ ರುಬ್ಬಿ, ಮೇಲೆ ಆಲಿವ್ ಎಣ್ಣೆ ಹಾಕಿದರೆ ಹಮಸ್. ಆಬರ್ನ್, ಗ್ರ್ಯಾನ್‌ವಿಲ್ ಕಡೆಯ ಟರ್ಕಿ, ಲೆಬನಾನ್‌ನವರ ಅಂಗಡಿಗಳಲ್ಲಿ ಸೊಗಸಾಗಿ ಸಿಗುತ್ತದೆ. ಸೂಪರ್‌ಮಾರ್ಕೆಟ್ಟಿನಲ್ಲಿ ಡಿಪ್‌ಗಳದ್ದೇ ಒಂದು ತಣ್ಣನೆಯ ಕಪಾಟು ಇರುತ್ತದೆ. ಆಫೀಸಿನಲ್ಲಿ ಯಾರದೇ ಹುಟ್ಟುಹಬ್ಬವಿರಲಿ, ಮೇಜಿನ ಮೇಲೆ ಕ್ಯಾರೆಟ್ ತುಂಡುಗಳ ಪಕ್ಕ ಡಿಪ್ ಡಬ್ಬಿಗಳು ಬಾಯಿ ತೆರೆದು ಕೂತಿರುತ್ತವೆ. ಆ ಮೊದಲ ತಿಂಗಳುಗಳಲ್ಲಿ ನನಗೆ ಅನ್ನ ಬೇಯುವ ವಾಸನೆ ಆಗುತ್ತಿರಲಿಲ್ಲ, ಒಗ್ಗರಣೆಯಂತೂ ದೂರದಿಂದಲೇ ಹೊಟ್ಟೆ ತೊಳಸುತ್ತಿತ್ತು. ತಣ್ಣಗಿನ, ಹುಳಿಹುಳಿ ಹಮಸ್ ಕಂಡರೆ ಮಾತ್ರ ಬಾಯಲ್ಲಿ ನೀರು. ಬಯಕೆಯ ವಸ್ತುವನ್ನೇ ಪಟ್ಟಿ ಹೊಡೆದುಹಾಕಿದಾಗ ಸುಮ್ಮನೆ ಒಪ್ಪಿಕೊಳ್ಳುವುದು ಹೇಗೆ? ಯಾಕೆ ಎಂದು ಕೇಳಿದೆ.

ಮಿಡ್‌ವೈಫ್ ಹೇಳಿದ್ದನ್ನೂ ಆಮೇಲೆ ನಾನು ಓದಿಕೊಂಡದ್ದನ್ನೂ ಸೇರಿಸಿ ಹೇಳುತ್ತೇನೆ. ಎಳ್ಳು ಹೊಲದಲ್ಲಿ, ಕಣದಲ್ಲಿ, ಗೋದಾಮಿನಲ್ಲಿ ಎಲ್ಲಿ ಬೇಕಾದರೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅಂಟಿಸಿಕೊಳ್ಳಬಹುದು. ತಹಿನಿಯಲ್ಲಿ ನೀರಿನಂಶ ತೀರಾ ಕಡಿಮೆ, ಬರೀ ಎಣ್ಣೆ. ಅಲ್ಲಿ ಸಾಲ್ಮೊನೆಲ್ಲಾ ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ, ತಿಂಗಳುಗಟ್ಟಲೆ ಹಾಗೇ ಕಾದು ಕೂರುತ್ತದೆ. ಎಣ್ಣೆಯ ನಡುವೆ ಅದಕ್ಕೆ ಬಿಸಿಯೂ ಅಷ್ಟು ಬೇಗ ತಾಕುವುದಿಲ್ಲ. ಅದೇ ತಹಿನಿಗೆ ಬೆಂದ ಕಡಲೆ, ನೀರು ಸೇರಿಸಿ ಹಮಸ್ ಮಾಡಿದಿರೋ, ಕಾದಿದ್ದಕ್ಕೆ ಬೇಕಾದ ತೇವ ಸಿಕ್ಕಿತು. ಆಮೇಲೆ ಅದನ್ನು ಯಾರೂ ಒಲೆಯ ಮೇಲಿಡುವುದಿಲ್ಲ, ಹಾಗೇ ಬಾಯಿಗೆ. ಅಂದರೆ ಪಟ್ಟಿಯ ತಕರಾರು ಎಳ್ಳಿನ ಗುಣದ ಮೇಲಲ್ಲ, ಎಳ್ಳಿನ ಪ್ರಯಾಣದ ಮೇಲೆ. ಎಳ್ಳುಪುಡಿ ಹಾಕಿ ಚೆನ್ನಾಗಿ ಕುದಿಸಿದ ಗೊಜ್ಜಿಗೆ ಈ ತಕರಾರು ಅನ್ವಯಿಸುವುದಿಲ್ಲ. ಇದನ್ನು ಅಮ್ಮನಿಗೆ ವಿವರಿಸಲು ಹೋದೆ. "ಉಷ್ಣ ಉಷ್ಣಾನೇ ಕಣೆ" ಅಂದಳು. ಆ ವಾದ ನಮ್ಮಿಬ್ಬರ ನಡುವೆ ಇವತ್ತಿಗೂ ಬಗೆಹರಿದಿಲ್ಲ.

ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತು, ಲಿಸ್ಟೀರಿಯಾ. ಸಾಲ್ಮೊನೆಲ್ಲಾ ವಾಂತಿಭೇದಿ ತರುವ ಜಾತಿ, ನಮಗೆ ಪರಿಚಿತ. ಲಿಸ್ಟೀರಿಯಾದ ನಡತೆ ಮಾತ್ರ ವಿಚಿತ್ರ. ಕೇಂಬ್ರಿಜ್‌ನ ಪ್ರಯೋಗಶಾಲೆಯ ಮೊಲಗಳು ಸತ್ತಾಗ ಕಂಡುಬಂದು, 1926ರಲ್ಲಿ ಮೊದಲು ವರದಿಯಾದ ಈ ಬ್ಯಾಕ್ಟೀರಿಯಾ ಫ್ರಿಜ್ಜಿನ ಚಳಿಯಲ್ಲಿ ಬೆಳೆಯಬಲ್ಲದು. ನಿಧಾನವಾಗಿ, ಆದರೆ ಖಂಡಿತವಾಗಿ. ಉಳಿದ ಬಹುತೇಕ ಕೆಟ್ಟ ಬ್ಯಾಕ್ಟೀರಿಯಾಗಳು 4-5 ಡಿಗ್ರಿಯಲ್ಲಿ ಮುದುಡಿ ಮಲಗಿದರೆ, ಇದು ಅಲ್ಲಿ ಎದುರಾಳಿಯಿಲ್ಲದೆ ಸಂಸಾರ ಹೂಡುತ್ತದೆ. ಗರ್ಭಿಣಿಯರಿಗೆ ಇದರ ಸೋಂಕು ತಗಲುವ ಸಾಧ್ಯತೆ ಇತರರಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು. ತಾಯಿಗೆ ಸಣ್ಣ ಜ್ವರ, ಮೈಕೈ ನೋವು ಬಂದು ಹೋಗಬಹುದು, ಕೆಲವೊಮ್ಮೆ ಅದೂ ಇಲ್ಲ. ಆದರೆ ಅದು ಮಾಸನ್ನು ದಾಟಿ ಮಗುವನ್ನು ತಲುಪಿದರೆ ಗರ್ಭಪಾತ, ದಿನ ತುಂಬದ ಹೆರಿಗೆ, ಹೊಟ್ಟೆಯಲ್ಲೇ ಮಗು ತೀರಿಹೋಗುವುದು, ಯಾವುದೂ ಆಗಬಹುದು. 1985ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮೆಕ್ಸಿಕನ್ ಶೈಲಿಯ ಮೆತ್ತನೆಯ ಚೀಸ್‌ನಿಂದ ಹಬ್ಬಿದ ಸೋಂಕಿನಲ್ಲಿ 142 ಪ್ರಕರಣಗಳಿದ್ದವು. ಅವುಗಳಲ್ಲಿ 93 ಗರ್ಭಿಣಿಯರದು ಅಥವಾ ಅವರ ಮಕ್ಕಳದು. ಆಸ್ಟ್ರೇಲಿಯಾದಲ್ಲೇ 2018ರಲ್ಲಿ ಒಂದೇ ತೋಟದ ಕರಬೂಜ ಹಣ್ಣಿನಿಂದ 22 ಮಂದಿಗೆ ಸೋಂಕಾಗಿ ಏಳು ಜನ ತೀರಿಕೊಂಡರು, ಒಬ್ಬಾಕೆಗೆ ಗರ್ಭಪಾತವಾಯಿತು.

ಇದನ್ನೆಲ್ಲ ಓದಿ ತಲೆಯೆತ್ತಿ ನಮ್ಮ ಫ್ರಿಜ್ಜಿನ ಬಾಗಿಲು ತೆರೆದೆ. ಇಬ್ಬರೂ ಕೆಲಸಕ್ಕೆ ಹೋಗುವ ಪರದೇಶದ ಕನ್ನಡ ಮನೆಗಳ ಫ್ರಿಜ್ ಹೇಗಿರುತ್ತದೆ ಎಂದು ಗೊತ್ತಿರುವವರಿಗೆ ಹೇಳಬೇಕಿಲ್ಲ. ಭಾನುವಾರ ರುಬ್ಬಿದ ಇಡ್ಲಿ ಹಿಟ್ಟು, ಭಾನುವಾರ ರುಬ್ಬಿದ ಕಾಯಿಚಟ್ನಿ, ಹೆಚ್ಚಿಟ್ಟ ಸೌತೆಕಾಯಿ, ಡಬ್ಬಿಯಲ್ಲಿ ಮೊಳಕೆ ಬಂದ ಹೆಸರುಕಾಳು, ಗುರುವಾರದವರೆಗೂ ನಡೆಯಬೇಕು. ಹಿಟ್ಟಿನ ಚಿಂತೆಯಿಲ್ಲ, ಎಷ್ಟು ದಿನದ್ದಾದರೂ ಹಬೆಯಲ್ಲಿ ಬೆಂದೇ ತಟ್ಟೆಗೆ ಬರುತ್ತದೆ. ಚಟ್ನಿ? ಹಸಿ ಕಾಯಿ, ಹಸಿ ಕೊತ್ತಂಬರಿ, ಹಸಿ ಮೆಣಸಿನಕಾಯಿ, ನೀರು. ಮೇಲೆ ಹಾಕುವ ಒಂದು ಚಮಚ ಒಗ್ಗರಣೆ ಘಮಕ್ಕೆ ಮಾತ್ರ, ಅದರ ಬಿಸಿ ತಳದವರೆಗೆ ಇಳಿಯುವುದಿಲ್ಲ. ಅಡುಗೆಯ ಲೆಕ್ಕದಲ್ಲಿ ನಮ್ಮ ಕಾಯಿಚಟ್ನಿಯೂ ಡಿಪ್ ಜಾತಿಗೇ ಸೇರಿದ್ದು. ಮಿಡ್‌ವೈಫ್ ಕೊಟ್ಟ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ, ಅಮ್ಮನ ಪಟ್ಟಿಯಲ್ಲೂ ಇರಲಿಲ್ಲ. ಹೊಸ ಪದಾರ್ಥ ಎದುರಾದರೆ ಎರಡು ಪಟ್ಟಿಗಳೂ ಮೂಕ. ಕಾರಣ ಗೊತ್ತಿದ್ದರೆ ಮಾತ್ರ ಮೂರು ಪ್ರಶ್ನೆ ಹಾಕಬಹುದು: ಇದು ಬೆಂದಿದೆಯೇ, ಬೆಂದ ಮೇಲೆ ಎಷ್ಟು ಹೊತ್ತಾಯಿತು, ಆ ಹೊತ್ತನ್ನು ಎಲ್ಲಿ ಕಳೆಯಿತು.

ಅಮ್ಮ ಏಳನೇ ತಿಂಗಳಿಗೆ ಬಂದಳು. ಫ್ರಿಜ್ ಅಂದರೆ ಆಕೆಗೆ ಮೊದಲಿಂದಲೂ ಅಸಡ್ಡೆ, ಅದರೊಳಗಿನದೆಲ್ಲ ತಂಗಳು. ಹೊತ್ತಿಗೆ ಎಷ್ಟು ಬೇಕೋ ಅಷ್ಟೇ ಚಟ್ನಿ ರುಬ್ಬುವ ಆಕೆಯ ಅಭ್ಯಾಸದ ಮುಂದೆ ಯಾವ ಪ್ರಾಧಿಕಾರವೂ ಹೆಚ್ಚಿನದೇನನ್ನೂ ಹೇಳಲಾರದು. ಆದರೆ ಆಕೆಯ ಪರೀಕ್ಷೆಯ ವಿಧಾನ ಮೂಗು. ಡಬ್ಬಿ ತೆರೆದು ಮೂಸಿ, "ಹಳಸಿಲ್ಲ, ತಿನ್ನು" ಅನ್ನುವಳು. ಇಲ್ಲಿ ಮಾತ್ರ ನಾನು ಜಗ್ಗಲಿಲ್ಲ. ಹಳಸುವಂತೆ ಮಾಡುವ ಸೂಕ್ಷ್ಮಜೀವಿಗಳು ಬೇರೆ, ಕಾಯಿಲೆ ತರುವವು ಬೇರೆ. ಲಿಸ್ಟೀರಿಯಾ ಬೆಳೆದ ಆಹಾರದ ಬಣ್ಣ, ರುಚಿ, ವಾಸನೆ ಎಲ್ಲವೂ ಮೊದಲಿನ ಹಾಗೇ ಇರಬಹುದು. ಮೂಗು ತೊಂಬತ್ತು ಸಲ ಸರಿ ಹೇಳಿದರೂ, ನನಗೆ ಬೇಕಾದ ಆ ಒಂದು ಉತ್ತರ ಅದರ ಬಳಿ ಇಲ್ಲ.

ತಿಪಟೂರಿನವಳಾಗಿ ತೆಂಗಿನಕಾಯಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಊರಿನವರು ಮೆಚ್ಚುವುದಿಲ್ಲ. ಸಿಡ್ನಿಯಲ್ಲಿ ನಮ್ಮಂಥವರು ವೆಂಟ್‌ವರ್ತ್‌ವಿಲ್‌ನ ಇಂಡಿಯನ್ ಅಂಗಡಿಯಿಂದ ತರುವುದು ಫ್ರೋಜನ್ ಕಾಯಿತುರಿ. ಫ್ರೀಜರ್ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ನಿಲ್ಲಿಸುತ್ತದೆ, ಕೊಲ್ಲುವುದಿಲ್ಲ. 2018ರ ಆರಂಭದಲ್ಲಿ ಅಮೆರಿಕದಲ್ಲಿ ಇಂಥದೇ ಫ್ರೋಜನ್ ಕಾಯಿತುರಿಯಿಂದ ಸಾಲ್ಮೊನೆಲ್ಲಾ ಹರಡಿ, ಮಾಲನ್ನು ವಾಪಸು ಪಡೆಯಬೇಕಾಗಿ ಬಂದಿತ್ತು. ಹಾಗಾಗಿ ಆ ತುರಿ ನಮ್ಮ ಮನೆಯಲ್ಲಿ ಹುಳಿಗೆ, ಪಲ್ಯಕ್ಕೆ ಮಾತ್ರ. ಚಟ್ನಿಗಾದರೆ ಬಾಣಲೆಯಲ್ಲಿ ಚೆನ್ನಾಗಿ ಹಬೆಯಾಡುವವರೆಗೆ ಬಿಸಿ ಮಾಡಿ ಆಮೇಲೆ ರುಬ್ಬುವುದು. ರುಚಿ ಕೊಂಚ ಇಳಿಯುತ್ತದೆ, ಸುಳ್ಳು ಹೇಳುವುದಿಲ್ಲ. ಹುರಿಗಡಲೆ ಹೆಚ್ಚಿಗೆ ಹಾಕಿದರೆ ಅರ್ಧ ಮುಚ್ಚಿಹೋಗುತ್ತದೆ.

ಸೀಮಂತದ ದಿನ ಗೆಳತಿಯರು ಪ್ರೀತಿಯಿಂದ ತಂದ ಮೊಳಕೆಕಾಳಿನ ಕೋಸಂಬರಿಯನ್ನು ಪಕ್ಕಕ್ಕಿಟ್ಟಾಗ ಎಲ್ಲರೂ ಹುಬ್ಬೇರಿಸಿದರು. ಬಸುರಿಗೆ ಅದಕ್ಕಿಂತ ಒಳ್ಳೆಯದು ಏನಿದೆ ಅನ್ನುವುದು ನಮ್ಮವರ ನಂಬಿಕೆ. ಆದರೆ ಕಾಳು ಮೊಳೆಯಲು ಬೇಕಾದ ತೇವ, ಬೆಚ್ಚಗಿನ ಹವೆ ಬ್ಯಾಕ್ಟೀರಿಯಾಕ್ಕೂ ಬೇಕಾದದ್ದೇ. 2011ರಲ್ಲಿ ಜರ್ಮನಿಯಲ್ಲಿ 3,800ಕ್ಕೂ ಹೆಚ್ಚು ಮಂದಿ ಇ. ಕೋಲಿ ಸೋಂಕಿನಿಂದ ಕಾಯಿಲೆ ಬಿದ್ದು, 50ಕ್ಕೂ ಹೆಚ್ಚು ಜನ ಸತ್ತದ್ದು ಮೊಳಕೆ ತಿಂದೇ. ಜಾಡು ಹಿಡಿದು ಹೋದವರು ಬಂದು ನಿಂತದ್ದು ಈಜಿಪ್ಟಿನಿಂದ ತರಿಸಿದ್ದ ಮೆಂತ್ಯದ ಬೀಜದ ಮುಂದೆ. ಮೊಳಕೆಕಾಳನ್ನು ಬೇಯಿಸಿ ಸಾರೋ ಪಲ್ಯವೋ ಮಾಡಿದರೆ ಅದರ ಒಳ್ಳೆಯತನವೆಲ್ಲ ಹೋಗಿಬಿಡುವುದಿಲ್ಲ, ಹಸಿಯದರ ಹಟ ಯಾಕೆ?

ಸೀಮಂತ ನಡೆದ ಹಾಲ್‌ನಲ್ಲಿ ಡಿಪ್‌ಗಳ ಮೇಜೂ ಇತ್ತು. ಮಧ್ಯಾಹ್ನ ತೆರೆದಿಟ್ಟದ್ದು ಸಂಜೆಯವರೆಗೂ ಅಲ್ಲೇ. ಆಸ್ಟ್ರೇಲಿಯಾದ ಅಡುಗೆ ಉದ್ಯಮದಲ್ಲಿ ಎಲ್ಲರ ಬಾಯಲ್ಲಿರುವ ಒಂದು ಲೆಕ್ಕವಿದೆ: 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಎರಡು ಗಂಟೆಯೊಳಗೆ ಇದ್ದ ಆಹಾರವನ್ನು ಮತ್ತೆ ಫ್ರಿಜ್ಜಿಗಿಡಬಹುದು, ಎರಡರಿಂದ ನಾಲ್ಕು ಗಂಟೆಯಾದರೆ ಆಗಲೇ ತಿನ್ನಬೇಕು, ನಾಲ್ಕು ದಾಟಿದರೆ ಬಿಸಾಡಬೇಕು. ಇದು ಗಟ್ಟಿಮುಟ್ಟಾದವರಿಗೆ. ಹೊಟ್ಟೆಯಲ್ಲಿ ಮಗುವಿರುವವಳಿಗೆ ಹತ್ತು ಜನರ ಚಿಪ್ಸ್ ಮುಳುಗೆದ್ದ ಬಟ್ಟಲಿನ ಹತ್ತಿರ ಹೋಗುವ ಅಗತ್ಯವೇ ಇಲ್ಲ. ಹಸಿ ಮೊಟ್ಟೆ ಹಾಕಿ ಕಡೆದ ಐಯೋಲಿ, ಮೆತ್ತನೆಯ ಚೀಸ್ ಬೆರೆಸಿದವು ನನಗೆ ನಿಷಿದ್ಧವಾಗಿದ್ದವು. ಗ್ರೀಕರ ಜಾಟ್ಸಿಕಿ ಅಂದರೆ ಹೆಚ್ಚೂಕಡಿಮೆ ನಮ್ಮ ಸೌತೆಕಾಯಿ ಮೊಸರುಬಜ್ಜಿ. ಪಾಶ್ಚರೀಕರಿಸಿದ ಹಾಲಿನ ಮೊಸರಿಗೆ ಆಗತಾನೇ ತೊಳೆದು ತುರಿದ ಸೌತೆಕಾಯಿ ಹಾಕಿ, ಆಗಲೇ ತಿಂದು ಮುಗಿಸುತ್ತಿದ್ದೆ. ಬೆಣ್ಣೆಹಣ್ಣನ್ನೂ ಹಾಗೇ, ಸಿಪ್ಪೆಯನ್ನು ಚೆನ್ನಾಗಿ ತೊಳೆದು, ಕತ್ತರಿಸಿ, ನಿಂಬೆ ಹಿಂಡಿ, ಕೂತಲ್ಲೇ ಖಾಲಿ. ಡಬ್ಬಿಯ ಮೇಲಿನ ತಾರೀಖು ಮುಚ್ಚಳ ತೆರೆಯುವವರೆಗಿನ ಮಾತು, ತೆರೆದ ಮೇಲೆ ಅದನ್ನು ನಂಬಿ ಕೂರುವಂತಿಲ್ಲ.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು. ಲಿಸ್ಟೀರಿಯಾ ಸೋಂಕು ಅಪರೂಪ. ಆಸ್ಟ್ರೇಲಿಯಾದಲ್ಲಿ ಎಲ್ಲ ವಯಸ್ಸಿನವರೂ ಸೇರಿ ವರ್ಷಕ್ಕೆ ಸಾಮಾನ್ಯವಾಗಿ ನೂರು ಪ್ರಕರಣವೂ ಇರುವುದಿಲ್ಲ. ಆಫೀಸಿನಲ್ಲಿ ಒಂದು ಚಮಚ ಹಮಸ್ ಬಾಯಿಗೆ ಹೋಯಿತೆಂದು ರಾತ್ರಿಯಿಡೀ ಅಳುವ ಗೆಳತಿಯರನ್ನು ಕಂಡಿದ್ದೇನೆ. ಅಳು ಬೇಡ. ತಿಂದು ಏನೂ ಆಗದಿದ್ದರೆ ಸಾಮಾನ್ಯವಾಗಿ ಪರೀಕ್ಷೆಯ ಅಗತ್ಯವೂ ಇರುವುದಿಲ್ಲ. ಆದರೆ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಮಲಗದೆ ಅವತ್ತೇ ವೈದ್ಯರನ್ನು ಕಾಣಬೇಕು, ಏನು ತಿಂದೆನೆಂದು ಹೇಳಬೇಕು. ತಿಂದದ್ದಕ್ಕೂ ಜ್ವರಕ್ಕೂ ನಡುವೆ ಕೆಲವೇ ದಿನಗಳಿರಬಹುದು, 70 ದಿನಗಳವರೆಗೂ ಆಗಬಹುದು. ಅಷ್ಟು ಹಿಂದಿನ ಊಟ ಯಾರಿಗೆ ನೆನಪಿರುತ್ತದೆ? ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಆಂಪಿಸಿಲಿನ್‌ನಂಥ ಹಳೆಯ ಔಷಧಿಯೇ ಇದಕ್ಕೆ ಕೆಲಸ ಮಾಡುತ್ತದೆ. ಬೇಗ ಶುರುವಾದಷ್ಟೂ ಮಗುವಿಗೆ ಒಳ್ಳೆಯದು.

ಈಗ ಬೆಂಗಳೂರಿನಲ್ಲಿ ತಂಗಿಗೆ ದಿನ ತುಂಬುತ್ತಿದೆ. ಅಲ್ಲೂ ಹಮಸ್ ಡಬ್ಬಿ ಫೋನಿನಲ್ಲಿ ಗುಂಡಿ ಒತ್ತಿದರೆ ಬಾಗಿಲಿಗೆ ಬರುತ್ತದೆ. ಬರುವ ದಾರಿಯಲ್ಲಿ, ಕರೆಂಟು ಹೋದಾಗ, ಆ ಡಬ್ಬಿ ಎಷ್ಟು ತಣ್ಣಗಿತ್ತೋ ಕೇಳುವವರಿಲ್ಲ. ಮೊನ್ನೆ ಫೋನ್ ಮಾಡಿ, "ಅಕ್ಕ, ಬಿಸಿ ಮಾಡಿ ತಿಂದ್ರೆ ಆಗುತ್ತಲ್ವಾ?" ಅಂದಳು.

"ತಳದವರೆಗೂ ಹಬೆಯಾಡೋ ಹಾಗೆ ಬಿಸಿ ಮಾಡ್ಬೇಕು, ಸುಮ್ನೆ ಬೆಚ್ಚಗೆ ಮಾಡಿದ್ರೆ ಸಾಲದು."

"ಹಬೆಯಾಡೋ ಹಮಸ್ ಯಾರು ತಿಂತಾರೆ!"

"ಹಂಗಾದ್ರೆ ಬಿಡು. ಅದೇ ಕಡಲೆ ನೆನೆಹಾಕಿ, ಬೇಯಿಸಿ, ಉಸಲಿ ಮಾಡ್ಕೊ. ನಿಂಬೆಹಣ್ಣು ಎರಡು ಹಿಂಡ್ಕೊ."

"ಕಾಯಿತುರಿ?"

"ಆಗ್ ತುರಿದದ್ದು" ಅಂದೆ.