ಬಾಸ್ ಮೀನಿಗೆ ಒಂದು ಕೋಲು, ನಾಲ್ಕು ಲ್ಯೂರ್ ಸಾಕು

ಡಲ್ಲಾಸ್ ಸುತ್ತಮುತ್ತಲಿನ ಯಾವ ದೊಡ್ಡ ಅಂಗಡಿಗೆ ಹೋದರೂ ಗಾಳದ ಸಾಮಾನಿಗೆಂದೇ ಒಂದು ಉದ್ದನೆಯ ಸಾಲು ಇರುತ್ತದೆ. ರಬ್ಬರ್ ಹುಳು, ಟೊಳ್ಳು ಕಪ್ಪೆ, ಮಿನುಗುವ ತಗಡು, ಬಣ್ಣ ಬಳಿದ ಪ್ಲಾಸ್ಟಿಕ್ ಮೀನು, ಎಲ್ಲವೂ ನೂರಾರು ಬಗೆ. ಒಂದೊಂದು ಪೊಟ್ಟಣವೂ ‘ನನ್ನನ್ನು ಒಯ್ಯಿ’ ಎನ್ನುತ್ತದೆ. ಟೆಕ್ಸಸ್‌ನಲ್ಲಿ ನೆಲೆಸಿದ ಕನ್ನಡಿಗರಿಗೂ, ಮಕ್ಕಳ ಮನೆಗೆಂದು ಕೆಲವು ತಿಂಗಳು ಹೋಗಿಬರುವ ಅಪ್ಪ-ಅಮ್ಮಂದಿರಿಗೂ ವಾರಾಂತ್ಯಕ್ಕೆ ಇದಕ್ಕಿಂತ ಅಗ್ಗದ, ನೆಮ್ಮದಿಯ ಹವ್ಯಾಸ ಸಿಗುವುದು ಕಷ್ಟ. ಆದರೆ ಆ ಸಾಲಿನಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಗಾಡಿಗೆ ತುಂಬಿಕೊಂಡರೆ ಅಗ್ಗವೂ ಉಳಿಯದು, ನೆಮ್ಮದಿಯೂ ಉಳಿಯದು. ಮೊದಲು ಮೀನನ್ನೂ ನೀರನ್ನೂ ತಿಳಿಯಿರಿ, ಅಂಗಡಿ ಆಮೇಲೆ.

ಅಲ್ಲಿನ ಕೆರೆಗಳ ರಾಜ ಲಾರ್ಜ್‌ಮೌತ್ ಬಾಸ್. ಬೇಟೆಯನ್ನು ಬಹಳ ದೂರ ಅಟ್ಟಿಸಿಕೊಂಡು ಹೋಗುವ ಜಾತಿ ಇದಲ್ಲ. ಜೊಂಡಿನ ಅಂಚು, ಮುಳುಗಿದ ಮರ, ದೋಣಿ ಕಟ್ಟೆಯ ನೆರಳು, ಇಂಥ ಕಡೆ ಹೊಂಚಿ ಕೂತು ಹತ್ತಿರ ಬಂದ ಕಿರುಮೀನು, ಕಪ್ಪೆ, ಕ್ರಾಫಿಶ್‌ಗಳನ್ನು ಬಾಯಿ ತೆರೆದು ಒಮ್ಮೆಲೇ ಒಳಗೆಳೆದುಕೊಳ್ಳುತ್ತದೆ. ನಮ್ಮ ಕೆರೆಗಳ ಕೊರವ ಮೀನನ್ನು ಬಲ್ಲವರಿಗೆ ಈ ಸ್ವಭಾವ ಹೊಸದಲ್ಲ. ಆದ್ದರಿಂದ ಲ್ಯೂರ್, ಅಂದರೆ ಮೀನನ್ನು ಸೆಳೆಯುವ ಹುಸಿ ಎರೆ, ಕೊಳ್ಳುವಾಗ ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಇದು ಕಳೆ, ಕೊಂಬೆಗಳ ನಡುವೆ ಸಿಕ್ಕಿಕೊಳ್ಳದೆ ಮೀನಿನ ಮೂತಿಯವರೆಗೆ ಹೋದೀತೇ?

ಮೊದಲು ಲೈಸೆನ್ಸ್

ಟೆಕ್ಸಸ್‌ನಲ್ಲಿ 17 ವರ್ಷ ತುಂಬಿದವರಿಗೆ ಸಾಮಾನ್ಯವಾಗಿ ಮೀನು ಹಿಡಿಯುವ ಲೈಸೆನ್ಸ್ ಬೇಕು. ರಾಜ್ಯದ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ, ಗಾಳದ ಸಾಮಾನು ಮಾರುವ ದೊಡ್ಡ ಅಂಗಡಿಗಳ ಕೌಂಟರಿನಲ್ಲೂ ಕೊಡುತ್ತಾರೆ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಹೊರಗಿನವರ ದರ. ಒಂದೇ ದಿನದ ಲೈಸೆನ್ಸೂ ಉಂಟು. ಅದೂ ಬೇಡವೆಂದರೆ ಸ್ಟೇಟ್ ಪಾರ್ಕಿಗೆ ಹೋಗಿ. ಅದರ ಗಡಿಯೊಳಗೆ ದಡದಲ್ಲಿ ನಿಂತು ಗಾಳ ಹಾಕಲು ಲೈಸೆನ್ಸ್ ಬೇಕಿಲ್ಲ, ಗೇಟಿನ ಶುಲ್ಕ ಕೊಟ್ಟರಾಯಿತು. ಜೂನ್ ತಿಂಗಳ ಮೊದಲ ಶನಿವಾರ ರಾಜ್ಯದಲ್ಲೆಲ್ಲ ಲೈಸೆನ್ಸ್ ಇಲ್ಲದೆ ಮೀನು ಹಿಡಿಯಬಹುದು. ಮನೆ ಹಿಂದಿನ ಬಡಾವಣೆಯ ಕೊಳ ಮಾತ್ರ ಖಾಸಗಿ. ಅಲ್ಲಿ ಬಡಾವಣೆಯ ಸಂಘದ ನಿಯಮ ಕೇಳಿಕೊಂಡೇ ಇಳಿಯಿರಿ.

ಕೋಲು, ರೀಲು, ದಾರ

ಆರೂವರೆಯಿಂದ ಏಳು ಅಡಿಯ ಸ್ಪಿನ್ನಿಂಗ್ ಕೋಲು ತೆಗೆದುಕೊಳ್ಳಿ. ಹಿಡಿಕೆಯ ಮೇಲ್ಗಡೆ ಸಣ್ಣ ಅಕ್ಷರಗಳಲ್ಲಿ ಅದರ ಜಾತಕವೇ ಬರೆದಿರುತ್ತದೆ. ‘ಮೀಡಿಯಂ’ ಎಂದರೆ ಕೋಲಿನ ಬಲ. ‘ಫಾಸ್ಟ್’ ಎಂದರೆ ತುದಿಭಾಗ ಮಾತ್ರ ಬಾಗುತ್ತದೆ, ಕೆಳಗಿನ ಭಾಗ ಗಟ್ಟಿ ನಿಲ್ಲುತ್ತದೆ ಎಂದು. ಪಕ್ಕದಲ್ಲಿ ಎಷ್ಟು ಪೌಂಡಿನ ದಾರ, ಎಷ್ಟು ಔನ್ಸಿನ ಲ್ಯೂರ್ ಎಂಬ ಲೆಕ್ಕವೂ ಇರುತ್ತದೆ. 1/8ರಿಂದ 5/8 ಔನ್ಸ್, ಅಂದರೆ ಸುಮಾರು 3.5ರಿಂದ 18 ಗ್ರಾಂ ಎಂದಿದ್ದರೆ ಹೊಸಬರಿಗೆ ಹೇಳಿಮಾಡಿಸಿದ್ದು. ಈ ಲೆಕ್ಕ ನೋಡದೆ ಹಗುರ ಕೋಲಿಗೆ ಭಾರದ ಲ್ಯೂರ್ ಕಟ್ಟಿ ಬೀಸಿದರೆ ತುದಿ ಮುರಿಯಬಹುದು. ಭಾರದ ಕೋಲಿಗೆ ಹಗುರ ಲ್ಯೂರ್ ಕಟ್ಟಿದರೆ ಅದು ಕಾಲ ಬುಡದಲ್ಲೇ ಬೀಳುತ್ತದೆ.

ರೀಲು 2500 ಅಥವಾ 3000 ಅಳತೆಯದಿರಲಿ. ಟಿವಿಯಲ್ಲಿ ಸ್ಪರ್ಧಿಗಳು ಹಿಡಿಯುವ ಬೇಟ್‌ಕಾಸ್ಟರ್ ರೀಲು ನೋಡಲು ಚೆಂದ. ಆದರೆ ಹೆಬ್ಬೆರಳಿನ ಹದ ಬರುವ ತನಕ ಅದರ ದಾರ ಕಗ್ಗಂಟಾಗುತ್ತಲೇ ಇರುತ್ತದೆ. ಅದರ ಆಸೆಯನ್ನು ಮುಂದಿನ ವರ್ಷಕ್ಕಿಡಿ.

ದಾರಕ್ಕೆ ಎಂಟು ಅಥವಾ ಹತ್ತು ಪೌಂಡಿನ ಸಾದಾ ನೈಲಾನ್ ಮೊನೊ ಸಾಕು. ಅಗ್ಗ, ಗಂಟು ಚೆನ್ನಾಗಿ ಕೂರುತ್ತದೆ. ಹೆಣೆದ ದಾರ ಗಟ್ಟಿ ನಿಜ, ಆದರೆ ತಿಳಿನೀರಿನಲ್ಲಿ ಕಾಣುತ್ತದೆ. ಅದನ್ನೇ ಬಳಸುವುದಾದರೆ ತುದಿಗೆ ಐದಾರು ಅಡಿ ಫ್ಲೋರೊಕಾರ್ಬನ್ ದಾರ ಸೇರಿಸಿ, ರೀಲಿನ ಬುಡದಲ್ಲಿ ಜಾರದಂತೆ ಮೊದಲು ಒಂದಿಷ್ಟು ಮೊನೊ ಸುತ್ತಿ. ಬೀಸಿದ ಮೇಲೆ ರೀಲಿನ ತಂತಿಯನ್ನು ಹಿಡಿಕೆ ತಿರುಗಿಸಿ ಮುಚ್ಚಬೇಡಿ, ಕೈಯಿಂದಲೇ ಮಡಚಿ. ದಾರ ಸುರುಳಿ ಸುತ್ತಿಕೊಳ್ಳುವ ಕಾಟ ಅರ್ಧ ತಪ್ಪುತ್ತದೆ.

ನಾಲ್ಕು ಲ್ಯೂರ್

ಮೊದಲನೆಯದು ಐದು ಇಂಚಿನ ಮೆತ್ತನೆಯ ಪ್ಲಾಸ್ಟಿಕ್ ಹುಳು. ಉಳಿದ ಮೂರನ್ನು ಬಿಟ್ಟರೂ ಇದನ್ನು ಬಿಡಬೇಡಿ. 1949ರಲ್ಲಿ ಒಹಾಯೊ ರಾಜ್ಯದ ಅಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬಾತ ವಿನೈಲ್ ಕರಗಿಸಿ ಅಚ್ಚಿಗೆ ಹೊಯ್ದು ಮಾಡಿದ ಹುಳುವೇ ಈ ವಂಶದ ಹಿರಿಯ. ಆತನ ಕಂಪನಿ ಆಮೇಲೆ ಟೆಕ್ಸಸ್‌ನ ಟೈಲರ್ ಊರಿಗೆ ಬಂತು. ಎರಡನೆಯದು 3/8 ಔನ್ಸಿನ ಸ್ಪಿನ್ನರ್‌ಬೇಟ್. ಬಾಗಿದ ತಂತಿಯ ಒಂದು ತುದಿಯಲ್ಲಿ ತಿರುಗುವ ತಗಡು, ಇನ್ನೊಂದರಲ್ಲಿ ಕುಚ್ಚು ಕಟ್ಟಿದ ಕೊಕ್ಕೆ ಇರುತ್ತದೆ. ಗಾಳಿ ಬೀಸುವ ದಿನ, ಕದಡಿದ ನೀರಿಗೆ ಇದು. ಮೂರನೆಯದು ಚೌಕ ತುಟಿಯ ಪ್ಲಾಸ್ಟಿಕ್ ಮೀನು, ಕ್ರ್ಯಾಂಕ್‌ಬೇಟ್. ದಡದ ಕಲ್ಲು, ಮರಗಳಿಗೆ ತಾಗಿ ಪುಟಿದಾಗಲೇ ಮೀನು ಎರಗುವುದು ಹೆಚ್ಚು. ನಾಲ್ಕನೆಯದು ನೀರಿನ ಮೇಲೆ ತೇಲುವ ಪಾಪರ್. ಬೆಳಗಿನ ಜಾವ, ಸಂಜೆ ಹೊತ್ತು ಇದನ್ನು ಗ್ಲಕ್ ಎನಿಸಿ ನಿಲ್ಲಿಸಿ, ಮತ್ತೆ ಎನಿಸಿ. ಮೀನು ನೀರು ಸೀಳಿ ಮೇಲೆ ಬಂದದ್ದು ಕಂಡ ಕೂಡಲೇ ಎಳೆಯಬಾರದು. ಕೋಲಿನಲ್ಲಿ ಭಾರ ಸಿಕ್ಕ ಮೇಲೆ ಎಳೆಯಬೇಕು. ಹೇಳುವುದು ಸುಲಭ, ಬಿಡಿ.

ಟೊಳ್ಳು ಕಪ್ಪೆಗೆ ಮನಸೋಲದವರಿಲ್ಲ. ಆದರೆ ದಟ್ಟ ಕಳೆಯ ಮೇಲೆ ಅದನ್ನು ಆಡಿಸಲು ಗಟ್ಟಿ ಕೋಲು, ಐವತ್ತು ಪೌಂಡಿನಷ್ಟು ಹೆಣೆದ ದಾರ ಬೇಕು. ಮೇಲೆ ಹೇಳಿದ ಕೋಲಿಗೆ ಅದು ಹೊಂದುವುದಿಲ್ಲ.

ಹುಳು ಕಟ್ಟುವ ಬಗೆ

‘ಟೆಕ್ಸಸ್ ರಿಗ್’ ಎಂಬ ಈ ಕಟ್ಟನ್ನು ಮನೆಯಲ್ಲೇ ಮೇಜಿನ ಮುಂದೆ ಕೂತು ಕಲಿಯಿರಿ. ಬೇಕಾದದ್ದು ಬುಲೆಟ್ ಆಕಾರದ 1/8 ಅಥವಾ 3/16 ಔನ್ಸಿನ ಗುಂಡು, ಕಣ್ಣಿನ ಹತ್ತಿರ ಮಡಿಕೆಯಿರುವ 3/0 ಅಳತೆಯ ಆಫ್‌ಸೆಟ್ ಕೊಕ್ಕೆ, ಒಂದು ಹುಳು.

ದಾರವನ್ನು ಗುಂಡಿನೊಳಗೆ ತೂರಿಸಿ. ಗುಂಡಿನ ಚೂಪು ತುದಿ ಕೋಲಿನ ಕಡೆಗಿರಲಿ. ಆಮೇಲೆ ಪಾಲೊಮಾರ್ ಗಂಟು. ದಾರದ ತುದಿಯನ್ನು ಜೋಡಿ ಮಾಡಿ ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ಆ ಜೋಡಿ ದಾರಕ್ಕೆ ಸಡಿಲವಾಗಿ ಒಂದು ಸಾದಾ ಗಂಟು ಹಾಕಿ, ಮುಂದೆ ಉಳಿದ ಕುಣಿಕೆಯೊಳಗೆ ಇಡೀ ಕೊಕ್ಕೆಯನ್ನು ನುಸುಳಿಸಿ, ಎಂಜಲು ಹಚ್ಚಿ ನಿಧಾನವಾಗಿ ಬಿಗಿಯಿರಿ. ಒಣ ದಾರವನ್ನು ಬಿಗಿದರೆ ಉಜ್ಜಿ ಬಿಸಿಯಾಗಿ ಗಂಟಿನಲ್ಲೇ ಬಲ ಕುಂದುತ್ತದೆ.

ಈಗ ಹುಳು. ತಲೆಯ ನಟ್ಟನಡುವೆ ಮೊನೆ ಚುಚ್ಚಿ, ಕಾಲು ಇಂಚಿನಷ್ಟು ಒಳಗೆ ಹೋದ ಮೇಲೆ ಪಕ್ಕಕ್ಕೆ ಹೊರತೆಗೆಯಿರಿ. ಕೊಕ್ಕೆಯನ್ನು ಪೂರ್ತಿ ಎಳೆದು, ಕಣ್ಣಿನ ಬಳಿಯ ಮಡಿಕೆ ತಲೆಯೊಳಗೆ ಹುದುಗುವಂತೆ ಕೂರಿಸಿ. ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಿದರೆ ಮೊನೆ ಹುಳುವಿನ ಮೈಗೆ ಎದುರಾಗುತ್ತದೆ. ಕೊಕ್ಕೆಯ ಬಾಗು ಎಲ್ಲಿಗೆ ಬರುತ್ತದೆಂದು ಪಕ್ಕದಲ್ಲಿ ಹಿಡಿದು ನೋಡಿ, ಆ ಜಾಗವನ್ನು ಉಗುರಿನಿಂದ ಗುರುತು ಮಾಡಿ, ಅಲ್ಲೇ ಚುಚ್ಚಿ ಆಚೆ ಹೊರಡಿಸಿ. ಕೊನೆಗೆ ಮೊನೆಯ ತುದಿಯನ್ನಷ್ಟೇ ಹುಳುವಿನ ತೊಗಲೊಳಗೆ ತೆಳುವಾಗಿ ಮರೆಮಾಡಿ. ಕಳೆಗೆ ಸಿಕ್ಕದಿರುವುದು ಈ ಮರೆಯಿಂದಲೇ. ಹಿಡಿದು ನೋಡಿದಾಗ ಹುಳು ನೆಟ್ಟಗಿರಬೇಕು. ಕೊಂಚ ಬಾಗಿದ್ದರೂ ನೀರಿನಲ್ಲಿ ಗಿರಗಿರ ತಿರುಗಿ ದಾರವನ್ನೆಲ್ಲ ಹೊಸೆದುಹಾಕುತ್ತದೆ. ಬಾಗಿದೆ ಎನಿಸಿದರೆ ಬಿಚ್ಚಿ ಮತ್ತೆ ಚುಚ್ಚಿ.

ಬೀಸಿ, ತಳ ಮುಟ್ಟಲು ಬಿಡಿ. ಕೋಲಿನ ತುದಿಯನ್ನು ಒಂದಡಿ ಎತ್ತಿ, ಇಳಿಸಿ, ಸಡಿಲಾದ ದಾರ ಸುತ್ತಿಕೊಳ್ಳಿ, ಸುಮ್ಮನಿರಿ. ಬಹುಪಾಲು ಮೀನು ಹಿಡಿಯುವುದು ಹುಳು ಇಳಿಯುತ್ತಿರುವಾಗಲೇ. ಯಾರೋ ಬೆರಳಿನಿಂದ ದಾರವನ್ನು ತಟ್ಟಿದಂತೆ ‘ಟಿಕ್’ ಎನ್ನಬಹುದು, ಇಲ್ಲವೇ ದಾರ ಸದ್ದಿಲ್ಲದೆ ಪಕ್ಕಕ್ಕೆ ಸರಿಯಬಹುದು. ಆಗ ಸಡಿಲ ಸುತ್ತಿಕೊಂಡು ಬಲವಾಗಿ ಎಳೆಯಿರಿ. ಅನುಮಾನವಿದ್ದರೂ ಎಳೆಯಿರಿ, ಕಳೆದುಕೊಳ್ಳುವುದೇನಿಲ್ಲ.

ಬಣ್ಣದ ಮಾತು

ಅಂಗಡಿಯ ಮುಕ್ಕಾಲು ವ್ಯಾಪಾರ ನಡೆಯುವುದು ಬಣ್ಣದ ಮೇಲೆ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಈ ಮೀನಿನ ಕಣ್ಣನ್ನು ಪರೀಕ್ಷಿಸಿದಾಗ ಅದಕ್ಕೆ ಕೆಂಪು, ಹಸಿರು ಚೆನ್ನಾಗಿ ತಿಳಿಯುತ್ತದೆ, ಆದರೆ ಹಳದಿ-ಹಸಿರು ಮಿಶ್ರದ ಶಾರ್ಟ್ರೂಸ್‌ಗೂ ಬಿಳಿಗೂ, ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ಕಂಡುಬಂತು. ಹಾಗಾಗಿ ಒಂದೇ ಹುಳುವಿನ ಹತ್ತು ಛಾಯೆ ಕೊಳ್ಳುವುದು ದಂಡ. ತಿಳಿನೀರಿಗೆ ಮಂಕು ಹಸಿರು, ಅಲ್ಲಿ ‘ಗ್ರೀನ್ ಪಂಪ್ಕಿನ್’ ಎನ್ನುತ್ತಾರೆ. ಕೆಸರು ನೀರಿಗೆ ಕಪ್ಪು. ಸ್ಪಿನ್ನರ್‌ಬೇಟ್ ಬಿಳಿಯದಿರಲಿ. ಮುಗಿಯಿತು.

ಋತುವಿನ ಲೆಕ್ಕ ಇದಕ್ಕಿಂತ ಮುಖ್ಯ. ಟೆಕ್ಸಸ್‌ನಲ್ಲಿ ಫೆಬ್ರುವರಿಯಿಂದ ಮೇ ನಡುವೆ, ನೀರು ಹದವಾಗಿ ಬೆಚ್ಚಗಾದಾಗ, ಬಾಸ್ ಮೊಟ್ಟೆಯಿಡಲು ದಡದ ಆಳವಿಲ್ಲದ ನೀರಿಗೆ ಬರುತ್ತದೆ. ದಡದಲ್ಲೇ ನಿಲ್ಲುವ ನಮ್ಮಂಥವರ ಕಾಲ ಅದೇ. ಜುಲೈ, ಆಗಸ್ಟ್‌ನಲ್ಲಿ ಬೆಳಗ್ಗೆ ಒಂಬತ್ತರೊಳಗೆ ಮನೆಗೆ ಮರಳಿ. ಬಿಸಿಲಿಗೆ ಮೀನೂ ಆಳಕ್ಕಿಳಿದಿರುತ್ತದೆ.

ಹಿಡಿದ ಮೇಲೆ

ಕೈ ಒದ್ದೆ ಮಾಡಿಕೊಂಡು, ಹೆಬ್ಬೆರಳನ್ನು ಬಾಯೊಳಗಿಟ್ಟು ಕೆಳದವಡೆ ಹಿಡಿಯಿರಿ. ಹಲ್ಲು ಉಪ್ಪುಕಾಗದದಷ್ಟು ಒರಟು, ಕಚ್ಚಿ ಗಾಯ ಮಾಡುವಂಥದ್ದಲ್ಲ. ದೊಡ್ಡ ಮೀನಾದರೆ ಹೊಟ್ಟೆಗೆ ಇನ್ನೊಂದು ಕೈ ಕೊಡಿ. ದವಡೆಯನ್ನಷ್ಟೇ ಹಿಡಿದು ಅಡ್ಡಡ್ಡ ಎತ್ತಿದರೆ ಅದರ ದವಡೆಗೆ ಪೆಟ್ಟು. ಕ್ರ್ಯಾಂಕ್‌ಬೇಟ್, ಪಾಪರ್‌ಗಳಿಗೆ ಮೂರು ಮೊನೆಯ ಕೊಕ್ಕೆ ಇರುವುದರಿಂದ ಉದ್ದ ಮೂತಿಯ ಇಕ್ಕುಳ ಜೇಬಿನಲ್ಲಿರಲಿ. ಮಕ್ಕಳು ಜತೆಗಿದ್ದರೆ ಕೊಕ್ಕೆಯ ಒಳಮುಳ್ಳನ್ನು ಅದೇ ಇಕ್ಕುಳದಿಂದ ಅಮುಕಿಬಿಡಿ. ಎಲ್ಲರಿಗೂ ಕನ್ನಡಕ ಬೇಕು. ಪೋಲರೈಸ್ಡ್ ಆದರೆ ನೀರಿನೊಳಗೂ ಕಾಣುತ್ತದೆ. ನಿಲ್ಲುವ ಮುನ್ನ ಕಾಲಡಿ ನೋಡಿಕೊಳ್ಳಿ. ಟೆಕ್ಸಸ್ ದಡಗಳ ಬೆಂಕಿ ಇರುವೆಗೆ ಚಪ್ಪಲಿ ತೊಟ್ಟ ಕಾಲೆಂದರೆ ಪ್ರೀತಿ.

ಗುಂಡು ಟಂಗ್‌ಸ್ಟನ್ನಿನದಾದರೆ ಒಳ್ಳೆಯದು, ದುಬಾರಿ ನಿಜ. ಉದುರಿದ ಸೀಸ ನುಂಗಿ ನೀರುಹಕ್ಕಿಗಳು ಸಾಯುತ್ತವೆಂದು ಮ್ಯಾಸಚೂಸೆಟ್ಸ್, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳು ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿವೆ. ಆ ಕಡೆ ನೆಂಟರ ಮನೆಗೆ ಹೋಗುವಾಗ ಪೆಟ್ಟಿಗೆ ತೆರೆದು ನೋಡಿಕೊಳ್ಳಿ.

ಪೆಟ್ಟಿಗೆಯಲ್ಲಿ ಒಂದು ಅಳತೆ ಟೇಪೂ ಇರಲಿ. ಟೆಕ್ಸಸ್‌ನ ಸಾಮಾನ್ಯ ನಿಯಮದಂತೆ 14 ಇಂಚಿಗಿಂತ ಚಿಕ್ಕ ಲಾರ್ಜ್‌ಮೌತ್ ಮರಳಿ ನೀರಿಗೆ, ದಿನಕ್ಕೆ ಒಬ್ಬರಿಗೆ ಬಾಸ್ ಐದೇ. ಕೆಲವು ಕೆರೆಗಳ ಕಟ್ಟಳೆ ಬೇರೆ. 1992ರ ಜನವರಿಯಲ್ಲಿ ಎಂಟು ಕಿಲೋ ಮೀರಿದ ರಾಜ್ಯದಾಖಲೆಯ ಬಾಸ್ ಸಿಕ್ಕಿದ ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಮೀನನ್ನು ಬಿಡಲೇಬೇಕು. ಇಂಥ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ಹಿಂದಿನ ರಾತ್ರಿ ಆ ಕೆರೆಯ ಹೆಸರು ಹಾಕಿ ಇಲಾಖೆಯ ಜಾಲತಾಣ ನೋಡಿಕೊಳ್ಳಿ.