ಮಚ್ಚಿನ ಹದ

(ಅಂತಿಮ ಬಿ.ಎ. ವಿದ್ಯಾರ್ಥಿ)

ನಮ್ಮದು ತೆಂಗಿನ ಸೀಮೆ. ಎಳನೀರು ಕೆತ್ತುವುದಕ್ಕೂ, ಗರಿ ಸವರುವುದಕ್ಕೂ, ಬೇಲಿಯ ಮುಳ್ಳು ಕಡಿಯುವುದಕ್ಕೂ ಮಚ್ಚು ಬೇಕು. ಬಡವನ ಮನೆಯಾದರೂ ಸೂರಿನಲ್ಲಿ ಒಂದು ಮಚ್ಚು ಸಿಕ್ಕಿಸಿರುತ್ತದೆ. ದಿನವೂ ಕಣ್ಣಿಗೆ ಬೀಳುವ ವಸ್ತುವಾದುದರಿಂದಲೇ ಅದು ಹೇಗೆ ಹುಟ್ಟುತ್ತದೆಂದು ನಾವು ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ, ಯೋಚಿಸುವಂತೆ ಮಾಡಿದುದು ಒಂದು ಕೆಟ್ಟ ಮಚ್ಚು.

ನನ್ನ ತಂದೆ ಎಳನೀರು ಮಾರುವವರು. ಹೋದ ವರ್ಷ ಜಾತ್ರೆಯಲ್ಲಿ ಹೊಳಪು ನೋಡಿ ಒಂದು ಮಚ್ಚು ಕೊಂಡರು. ಎಂಟು ದಿನದಲ್ಲಿ ಅದರ ಬಾಯಿ ಮಡಿಯಿತು. ಮಸೆದರೆ ಒಂದು ಗಳಿಗೆ ಹರಿತ, ಮತ್ತೆ ಮೊಂಡು. ಹರಿತವಾದ ಮಚ್ಚು ಕಾಯಿಯೊಳಕ್ಕೆ ಇಳಿಯುತ್ತದೆ. ಮೊಂಡು ಮಚ್ಚು ಜಾರುತ್ತದೆ. ಹಾಗೆ ಜಾರಿದ ಮಚ್ಚು ಅಪ್ಪನ ಎಡಗೈ ಹೆಬ್ಬೆರಳಿನ ಮೇಲೆ ಬಿತ್ತು. ಒಂದು ತಿಂಗಳು ಅವರು ಗಾಡಿ ಹೊರಡಿಸಲಾಗಲಿಲ್ಲ. ಆ ಸಲದ ನನ್ನ ಪರೀಕ್ಷಾ ಶುಲ್ಕವನ್ನು ಅಮ್ಮ ಹಾಲಿನ ಲೆಕ್ಕದಲ್ಲಿ ಮುಂಗಡ ತಂದು ಕಟ್ಟಿದಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಮೆಟ್ಟಿಲಿಗೆ ಆಧಾರವಾಗಿದ್ದುದು ಅಪ್ಪನ ಕೈಯ ಮಚ್ಚು ಎಂಬುದು ಆಗ ನನಗೆ ತಿಳಿಯಿತು.

ಬೇಸಿಗೆಯ ರಜೆಯಲ್ಲಿ ಪಕ್ಕದೂರಿನ ಆಚಾರ್ರ ಕುಲುಮೆಗೆ ಹೋಗಿ ಹೊಸ ಮಚ್ಚು ಮಾಡಿಕೊಡಬೇಕೆಂದು ಕೇಳಿದೆ. ಅವರಿಗೆ ಎಪ್ಪತ್ತು ಸಮೀಪಿಸಿದೆ. ಮಗ ಪಟ್ಟಣದಲ್ಲಿ ಬಾಡಿಗೆ ಕಾರು ಓಡಿಸುತ್ತಾನೆ. ಚಮ್ಮಟಿಗೆ ಹೊಡೆಯಲು ಆಳು ಸಿಕ್ಕುವುದಿಲ್ಲ. “ನೀನೇ ಬಾ ಮಗ. ಗಾಳಿ ಹಾಕು, ಚಮ್ಮಟಿಗೆ ಹಿಡಿ. ಉಕ್ಕಿನ ದುಡ್ಡು ಮಾತ್ರ ಕೊಡು” ಎಂದರು. ಹೀಗೆ ಎರಡು ದಿನ ನಾನು ಅವರ ಶಿಷ್ಯನಾದೆ. ಅಲ್ಲಿ ಕಂಡುದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು ಉಕ್ಕಿನ ಆಯ್ಕೆ. ಆಚಾರ್ರು ತೆಗೆದುಕೊಂಡುದು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ. ಮನೆ ಕಟ್ಟುವ ಕಂಬಿ ಆಗದೆ ಎಂದು ಕೇಳಿದೆ. “ಅದು ನೀರು ಕುಡಿಯೋದಿಲ್ಲ” ಎಂದರು. ಈ ಮಾತಿನ ಅರ್ಥ ಆಮೇಲೆ ಪುಸ್ತಕ ನೋಡಿದಾಗ ತಿಳಿಯಿತು. ಕಬ್ಬಿಣಕ್ಕೆ ತಕ್ಕಷ್ಟು ಇಂಗಾಲ ಸೇರಿದರೆ ಉಕ್ಕು. ಸ್ಪ್ರಿಂಗಿನ ಉಕ್ಕಿನಲ್ಲಿ ನೂರಕ್ಕೆ ಸುಮಾರು 0.5ರಿಂದ 0.6 ಭಾಗ ಇಂಗಾಲವಿರುತ್ತದೆ. ಕಟ್ಟಡದ ಕಂಬಿಯಲ್ಲಿ ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ. ಇಂಗಾಲ ಸಾಲದಿದ್ದರೆ ಕಾಸಿ ನೀರಿಗೆ ಅದ್ದಿದರೂ ಬಾಯಿಗೆ ಸಾಕಷ್ಟು ಗಡಸುತನ ಬರುವುದಿಲ್ಲ. ಅಪ್ಪ ತಂದ ಜಾತ್ರೆಯ ಮಚ್ಚಿನ ದೋಷವೂ ಇಂಥದೇ ಇದ್ದಿರಬೇಕು.

ಚರಿತ್ರೆಯ ವಿದ್ಯಾರ್ಥಿಯಾದ ನಾನು ಇಲ್ಲಿ ಒಂದು ಮಾತು ಸೇರಿಸಬೇಕು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ನಮ್ಮವರು ಮಣ್ಣಿನ ಸಣ್ಣ ಮೂಸೆಗಳಲ್ಲಿ ಮೆದು ಕಬ್ಬಿಣದೊಡನೆ ತಂಗಡಿ ಗಿಡದ ಕಡ್ಡಿಯನ್ನಿಟ್ಟು, ಬಾಯಿ ಮುಚ್ಚಿ, ಕಾಸಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆ ಕಡ್ಡಿಯೇ ಇಂಗಾಲವನ್ನು ಕೊಡುತ್ತಿತ್ತು. ಅದಕ್ಕೂ ಮೊದಲು, 1795ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ದೇಶದ ಉಕ್ಕನ್ನು ಕುರಿತು ಜಾರ್ಜ್ ಪಿಯರ್ಸನ್ನನ ಪ್ರಬಂಧ ಓದಲ್ಪಟ್ಟಿತು. ಅವರು ಆ ಉಕ್ಕನ್ನು ಕರೆದ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದುದೆಂದು ವಿದ್ವಾಂಸರು ಹೇಳುತ್ತಾರೆ.

ಎರಡನೆಯದು ಕಾಸುವುದು, ಬಡಿಯುವುದು. ಕುಲುಮೆ ಕತ್ತಲಾಗಿಯೇ ಇರಬೇಕು; ಬಿಸಿಲಿನಲ್ಲಿ ಉಕ್ಕಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಇದ್ದಲ ಬೆಂಕಿಯಲ್ಲಿ ಪಟ್ಟಿ ಕಿತ್ತಳೆ ಬಣ್ಣಕ್ಕೆ ಬಂದಾಗ ಅಡಿಗಲ್ಲಿನ ಮೇಲಿಟ್ಟು ಬಡಿಯುವರು; ಕಪ್ಪಿಗೆ ತಿರುಗುವ ಮೊದಲೇ ಮತ್ತೆ ಬೆಂಕಿಗೆ. ಆರಿದ ಉಕ್ಕನ್ನು ಬಡಿದರೆ ಸೀಳುವುದು. ಮೂತಿ ಮತ್ತು ಹಿಡಿಯೊಳಕ್ಕೆ ಹೋಗುವ ಬಾಲ ಮೊದಲು, ಬಾಯಿ ಆಮೇಲೆ. ಬಾಯಿಯ ಅಂಚು ತೆಳುವಾದಷ್ಟೂ ಉದ್ದವಾಗುವುದರಿಂದ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ಆದುದರಿಂದ ಆಚಾರ್ರು ಮೊದಲೇ ಅದನ್ನು ಬಾಯಿಯ ಕಡೆಗೆ ಬಗ್ಗಿಸಿದ್ದರು. ಬಡಿದು ಮುಗಿಸುವಾಗ ತಾನೇ ನೆಟ್ಟಗಾಯಿತು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಈಗ ತಿದಿ ಇಲ್ಲ. ವಿದ್ಯುತ್ತಿನ ಬ್ಲೋಯರ್ ಇದೆ. ಗಾಳಿಯ ತಿರುಪು ನನ್ನ ಕೈಯಲ್ಲಿತ್ತು. ನಾನು ಮಾತಿನಲ್ಲಿ ಮೈಮರೆತೆ. ಪಟ್ಟಿಯ ತುದಿ ಬೆಳ್ಳಗಾಗಿ ಸುರುಸುರುಬತ್ತಿಯಂತೆ ಕಿಡಿ ಹಾರಿಸಿತು. ಆಚಾರ್ರು ಬೈಯಲಿಲ್ಲ. ತುದಿಯನ್ನು ಎರಡು ಬೆರಳಷ್ಟು ಕತ್ತರಿಸಿ ಎಸೆದು, “ಸೀದ ಅನ್ನ ಉಣ್ಣಬಹುದು ಮಗ, ಸೀದ ಉಕ್ಕು ಯಾತಕ್ಕೂ ಬರೋದಿಲ್ಲ” ಎಂದರು. ಅತಿಯಾಗಿ ಕಾದ ಉಕ್ಕಿನ ಕಣಗಳ ನಡುವೆ ಗಾಳಿಯ ಆಮ್ಲಜನಕ ಹೊಕ್ಕು ಬೆಸುಗೆ ಕೆಡಿಸುತ್ತದೆ. ಮತ್ತೆ ಅದನ್ನು ಸರಿಮಾಡಲಾಗದು.

ಸಂಜೆ ಅಲಗನ್ನು ಕಾಸಿ ಬೂದಿಯಲ್ಲಿ ಹೂತಿಟ್ಟರು. ರಾತ್ರಿಯೆಲ್ಲ ನಿಧಾನವಾಗಿ ಆರಿ ಮೆದುವಾದ ಉಕ್ಕಿಗೆ ಬೆಳಿಗ್ಗೆ ಅರ ಹಾಕಿ ಬಾಯಿ ತಿದ್ದಿದರು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಹದ. ಉಕ್ಕು ಸುಮಾರು 730 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದರ ಒಳರಚನೆ ಬದಲಾಗತೊಡಗುತ್ತದೆ. ಆ ಬದಲಾವಣೆ ಪೂರ್ತಿಯಾಗುವಷ್ಟು ಕಾಸಿ ಥಟ್ಟನೆ ತಣಿಸಿದರೆ ಬಹು ಗಡಸಾಗುತ್ತದೆ. ಆದರೆ ಗಾಜಿನಂತೆ ಪೆಡಸೂ ಆಗುತ್ತದೆ. ಆಚಾರ್ರು ಅಲಗನ್ನು ಹಣ್ಣು ಮೆಣಸಿನಕಾಯಿಯ ಕೆಂಪಿಗಿಂತ ತುಸು ಹೆಚ್ಚಾಗಿ ಕಾಸಿ, ಬಾಯಿಯನ್ನು ಮಾತ್ರ ಒಂದು ಬೆರಳಗಲ ಎಣ್ಣೆಯಲ್ಲಿ ಅದ್ದಿದರು. ಬೆನ್ನು ಇನ್ನೂ ಕೆಂಪಗೇ ಇತ್ತು. ಅದರ ಕೆಂಪು ಇಳಿಯುವವರೆಗೆ ಬಾಯಿಯನ್ನು ಎಣ್ಣೆಯಲ್ಲಿಯೇ ಹಿಡಿದಿದ್ದು, ತೆಗೆದೊಡನೆ ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿ ಕಾದರು. ಬೆನ್ನಿನಲ್ಲಿ ಉಳಿದ ಕಾವು ಮೆಲ್ಲಗೆ ಬಾಯಿಗೆ ಇಳಿಯುತ್ತ ಬಂತು. ಉಜ್ಜಿದ ಜಾಗದಲ್ಲಿ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ. ಹಳದಿಗೆ ಸುಮಾರು 230 ಡಿಗ್ರಿ, ನೇರಳೆಗೆ 280, ನೀಲಿಗೆ 300. ಕಂದು ಹೋಗಿ ನೇರಳೆ ಮೂಡುವಷ್ಟರಲ್ಲಿ ಇಡೀ ಅಲಗನ್ನು ಅದ್ದಿಬಿಟ್ಟರು. ಹಳದಿಯಲ್ಲೇ ನಿಲ್ಲಿಸಿದ್ದರೆ ಬಾಯಿ ಮುಕ್ಕಾಗುವ ಭಯ. ನೀಲಿ ದಾಟಿದ್ದರೆ ಮಡಿಯುವ ಭಯ.

ಇದೇ ಮಚ್ಚಿನ ಗುಟ್ಟು. ಕಡಿಯುವ ಬಾಯಿ ಗಡಸು, ಪೆಟ್ಟು ತಾಳುವ ಬೆನ್ನು ಮೆದು. ಒಂದೇ ಉಕ್ಕಿನಲ್ಲಿ ಎರಡು ಗುಣ. ಹೊಳಪಿಗೂ ಇದಕ್ಕೂ ಸಂಬಂಧವಿಲ್ಲ.

ಉಳಿದುದು ಹಿಡಿ. ಬಾಲವನ್ನು ಕಾಸಿ, ಅರಗು ತುಂಬಿದ ಮರದ ಹಿಡಿಯೊಳಕ್ಕೆ ಇಳಿಸಿ, ಬಾಯಿಗೆ ಕಬ್ಬಿಣದ ಬಳೆ ಬಿಗಿದರು. ಸಾಣೆ ಹಿಡಿಯುವಾಗ ಮತ್ತೆ ಮತ್ತೆ ನೀರು ಹಾಕುತ್ತಿದ್ದರು. ಉಜ್ಜುವ ಬಿಸಿಗೆ ಬಾಯಿ ನೀಲಿಯಾದರೆ ಎರಡು ದಿನದ ಹದ ಒಂದು ಗಳಿಗೆಯಲ್ಲಿ ಹೋಗುತ್ತದೆ.

ಹೊರಡುವ ಮುನ್ನ ನಾನು ಬರೆದುಕೊಂಡುದನ್ನು ಓದೆಂದರು. “ಅಲಗನ್ನು ಕೆಂಪಗೆ ಕಾಸಿ” ಎಂದು ಓದುತ್ತಲೇ ತಡೆದು, “ಯಾವ ಕೆಂಪು?” ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಮತ್ತೆ ಇದ್ದಲು ಹೊತ್ತಿಸಿ, ಒಂದು ತುಂಡು ಕಬ್ಬಿಣವನ್ನು ಕಾಸಿ, ಒಂದೊಂದು ಕೆಂಪನ್ನೂ ತೋರಿಸಿ ಬರೆಸಿದರು. ಮೇಲೆ ಬರೆದ ಮೆಣಸಿನಕಾಯಿಯ ಮಾತು ಅವರದು, ನನ್ನದಲ್ಲ. ಆದರೆ ಆ ಬಣ್ಣವನ್ನು ಗುರುತಿಸಲು ಅವರ ಕಣ್ಣಿಗೆ ಐವತ್ತು ವರ್ಷ ಹಿಡಿದಿದೆ. ಅದು ಕಾಗದಕ್ಕೆ ಇಳಿಯದು. ಇಳಿದಷ್ಟನ್ನಾದರೂ ಉಳಿಸಬೇಕೆಂದು ಈ ಲೇಖನ ಬರೆದಿದ್ದೇನೆ. ನಮ್ಮ ನಮ್ಮ ಊರಿನ ಕುಲುಮೆ, ಮಗ್ಗ, ತಿಗುರಿಗಳ ಬಳಿ ಹೋಗಿ ಕುಳಿತು ಬರೆದುಕೊಳ್ಳಬೇಕೆಂದು ಸಹಪಾಠಿಗಳಲ್ಲಿ ನನ್ನ ಬಿನ್ನಹ.

ಅಪ್ಪ ಆ ಮಚ್ಚು ಹಿಡಿದು ಏಳು ತಿಂಗಳಾಯಿತು. ಬಾಯಿ ಮಡಿದಿಲ್ಲ, ಮುಕ್ಕಾಗಿಲ್ಲ. ಅಳತೆಗೆ ಎರಡು ಬೆರಳು ಗಿಡ್ಡ. ಆ ಕುಂದು ನನ್ನದು. “ಗಿಡ್ಡ ಆದದ್ದೇ ಒಳ್ಳೇದಾಯ್ತು, ಕೈಗೆ ಹಗುರ” ಎನ್ನುತ್ತಾರೆ ಅಪ್ಪ.